ಪೈಪಿನ ಕೊನೆ ಭಾಗದವರು

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಬಂದವರಿಗೆಲ್ಲ ಪೆರಂಬೂರಿನ ಹೆಸರು ಗೊತ್ತಿರುತ್ತದೆ, ಊರು ಗೊತ್ತಿರುವುದಿಲ್ಲ. ಸೆಂಟ್ರಲ್ ಇನ್ನೇನು ಬಂತು ಅಂತ ಎಲ್ಲರೂ ಸೀಟಿನ ಕೆಳಗೆ ಚಪ್ಪಲಿ ಹುಡುಕುವ ಹೊತ್ತಿಗೆ ಕಿಟಕಿಯಲ್ಲಿ ಒಂದು ಹಳದಿ ಬೋರ್ಡು ಸರಿದುಹೋಗುತ್ತದಲ್ಲ, ಅದೇ ಪೆರಂಬೂರು. ಇಲ್ಲಿನ ರೈಲ್ವೆ ಕಾರ್ಖಾನೆಯಲ್ಲಿ ನಮ್ಮ ಯಜಮಾನರಿಗೆ ಕೆಲಸ. ಹಾಗಾಗಿ 1986ರಲ್ಲಿ ಮದುವೆಯಾಗಿ ಬಂದವಳು ಇಲ್ಲೇ ಉಳಿದೆ. ಊರಿನಿಂದ ಫೋನು ಮಾಡುವವರು ಕೇಳುವ ಪ್ರಶ್ನೆ ಮೂರೇ: ಬಿಸಿಲು ಹೆಂಗೈತೆ, ನೀರು ಬತ್ತದಾ, ಕರೆಂಟು ಐತಾ? ಕಾವೇರಿ ಗಲಾಟೆ ನಡೆಯುವ ವರ್ಷಗಳಲ್ಲಿ ಮಾತ್ರ ಎರಡನೇ ಪ್ರಶ್ನೆಯ ಧಾಟಿ ಬದಲಾಗುತ್ತದೆ. ಆಗ ಅದು ವಿಚಾರಣೆಯಂತೆ ಕೇಳಿಸುತ್ತದೆ.

ಯಾಕೆಂದರೆ ನನ್ನ ತವರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ (ನಮ್ಮಪ್ಪನ ಬಾಯಲ್ಲಿ ಅದು ಕಡೆಯವರೆಗೂ ಇರ್ವಿನ್ ನಾಲೆಯೇ) ಸುತ್ತಿ ಬಳಸಿ ನಮ್ಮ ಕಡೆ ಬರುವ ಹೊತ್ತಿಗೆ ಬಡವಾಗಿರುತ್ತದೆ. ಮೇಲಿನವರು ಎರಡನೇ ಸಲ ಗದ್ದೆಗೆ ನೀರು ಕಟ್ಟುವಾಗ ನಮ್ಮಲ್ಲಿ ಸಸಿಮಡಿ ಒಣಗುತ್ತಿರುತ್ತದೆ. ಪತ್ರಿಕೆಗಳಲ್ಲಿ ಇವತ್ತಿಗೂ 'ನಾಲೆಯ ಕೊನೆ ಭಾಗದ ರೈತರು' ಅಂತ ಬರೆಯುತ್ತಾರಲ್ಲ, ಆ ಜನ ನಾವು. ಕಟ್ಟೆ ತುಂಬಿತು ಅಂತ ಮಹಾರಾಜರು ಬಾಗಿನ ಕೊಟ್ಟರೂ ಮಂತ್ರಿಗಳು ಬಾಗಿನ ಕೊಟ್ಟರೂ ಅಪ್ಪ ಕೇಳುತ್ತಿದ್ದದ್ದು ಒಂದೇ: "ನಮ್ಮ ತೂಬಿಗೆ ಬಂತೇನ್ಲಾ?" ನೀರುಗಂಟಿಗೆ ಕಾದು ಅವರು ಎಷ್ಟು ರಾತ್ರಿ ಬದುವಿನ ಮೇಲೆ ಕೂತಿದ್ದಾರೋ ಲೆಕ್ಕವಿಲ್ಲ.

ಆ ಕಣ್ಣಿನಲ್ಲೇ ನಾನು ಪೆರಂಬೂರನ್ನು ನೋಡಿದೆ. ನಾಲೆಗೆ ಕೊನೆ ಭಾಗ ಇದ್ದ ಹಾಗೆ ಪೈಪಿಗೂ ಇದೆ, ಕರೆಂಟಿನ ತಂತಿಗೂ ಇದೆ, ಚರಂಡಿಗೂ ಇದೆ. ಆ ಕೊನೆ ಎಲ್ಲಿರಬೇಕು, ಅಲ್ಲಿ ಯಾರಿರಬೇಕು ಅಂತ ತಾನಾಗಿ ಆಗುವುದಿಲ್ಲ. ಯಾರೋ, ಯಾವಾಗಲೋ ಗೆರೆ ಎಳೆದಿರುತ್ತಾರೆ. ಇಲ್ಲಿ ಆ ಗೆರೆಗಳು ಇನ್ನೂರೈವತ್ತು ವರ್ಷ ಹಳೆಯವು.

ಪಿರಂಬು ಅಂದರೆ ತಮಿಳಿನಲ್ಲಿ ಬೆತ್ತ. ಬೆತ್ತದ ಪೊದೆ ಇದ್ದ ಜಾಗ ಪೆರಂಬೂರಾಯಿತು ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ಬೆತ್ತ ಬೆಳೆಯಲು ತೇವ ಬೇಕು, ತಗ್ಗು ಬೇಕು. ತಗ್ಗು ಅನ್ನುವುದನ್ನು ಇವತ್ತಿನ ಮಳೆಗಾಲವೂ ಸಾಬೀತು ಮಾಡುತ್ತದೆ. 1742ರಲ್ಲಿ ಆರ್ಕಾಟಿನ ನವಾಬರಿಂದ ಇಂಗ್ಲಿಷರಿಗೆ ಸಿಕ್ಕ ಹಳ್ಳಿಗಳಲ್ಲಿ ವೇಪೇರಿಯ ಜೊತೆ ಪೆರಂಬೂರೂ ಇತ್ತು. ಕೋಟೆಯವರಿಗೆ ಆಗ ಇದು ಊರಾಚೆಯ ಹಳ್ಳಿ.

ಆ ಕೋಟೆಯೊಳಗೇ ಕುಡಿಯುವ ನೀರಿಗೆ ತತ್ವಾರವಿತ್ತು. ಸಮುದ್ರದ ದಡ, ತೋಡಿದಲ್ಲೆಲ್ಲ ಉಪ್ಪು. ಅದಕ್ಕೇ 1772ರಲ್ಲಿ ಉತ್ತರದ ಪೇಟೆಯಲ್ಲಿ ಸಿಹಿನೀರು ಸಿಕ್ಕ ಜಾಗದಲ್ಲಿ ಬಾವಿಗಳನ್ನು ತೋಡಿ ಅಲ್ಲಿಂದ ಸೇಂಟ್ ಜಾರ್ಜ್ ಕೋಟೆಗೆ ನೀರು ಸಾಗಿಸಿದರು. ಮದರಾಸಿನ ಮೊದಲ ನೀರು ಸರಬರಾಜು ಅದು. ಜನ ಅದನ್ನು 'ಏಳು ಕಿಣರು', ಏಳು ಬಾವಿ, ಅಂದರು. ಆ ಬಡಾವಣೆಗೆ ಇವತ್ತಿಗೂ ಅದೇ ಹೆಸರು. ದಿನಕ್ಕೆ ಸುಮಾರು 6.35 ಲಕ್ಷ ಲೀಟರ್ ನೀರು, ಅದೂ ಕೋಟೆಯೊಳಗಿನವರಿಗೆ. ಬಾವಿಯ ಸುತ್ತ ಬದುಕಿದ್ದ ಕರಿಯರ ಪೇಟೆ ತನ್ನ ಪಾಡು ತಾನು ನೋಡಿಕೊಳ್ಳಬೇಕಿತ್ತು. ಮೊದಲ ಗೆರೆ ಇಲ್ಲೇ ಬಿತ್ತು ನೋಡಿ: ನೀರು ಹುಟ್ಟುವುದು ಒಬ್ಬರ ಬೀದಿಯಲ್ಲಿ, ಹೋಗುವುದು ಇನ್ನೊಬ್ಬರ ಮನೆಗೆ.

ಮುಂದಿನ ನೂರು ವರ್ಷ ಇಷ್ಟೇ. 1866ರಲ್ಲಿ ವಿಲಿಯಂ ಫ್ರೇಸರ್ ಎಂಬ ಎಂಜಿನಿಯರ್ ಒಂದು ಯೋಜನೆ ಬರೆದು ಕೊಟ್ಟ. ವಾಯವ್ಯ ದಿಕ್ಕಿನಲ್ಲಿ ಹರಿಯುವ ಕೊಸಸ್ತಲೈ ನದಿಗೆ ತಾಮರಪಾಕ್ಕಂ ಹತ್ತಿರ ಒಂದು ಅಡ್ಡಕಟ್ಟೆ, ಅಲ್ಲಿಂದ ಚೋಳಾವರಂ ಕೆರೆ, ಅಲ್ಲಿಂದ ಪುಳಲ್ ಕೆರೆ. ಇಂಗ್ಲಿಷರು ಇಟ್ಟ 'ರೆಡ್ ಹಿಲ್ಸ್' ಹೆಸರೇ ಈಗಲೂ ಬಸ್ಸಿನ ಬೋರ್ಡಿನಲ್ಲಿದೆ. ಪುಳಲ್‌ನಿಂದ ಒಂದು ತೆರೆದ ಕಾಲುವೆ ಕೀಳ್ಪಾಕ್‌ವರೆಗೆ ಬಂತು. 1872ರಲ್ಲಿ ನಗರಕ್ಕೆ ಆ ನೀರು ಹರಿಯಿತು. ಶೋಧಿಸುವ ವ್ಯವಸ್ಥೆ ಇರಲಿಲ್ಲ, ಕೆರೆಯಲ್ಲಿ ಇದ್ದದ್ದೇ ಕೊಳಾಯಿಯಲ್ಲೂ. ನಕಾಶೆ ತೆಗೆದು ಪುಳಲ್‌ನಿಂದ ಕೀಳ್ಪಾಕ್‌ಗೆ ಒಂದು ಗೆರೆ ಎಳೆದರೆ ಅದು ಪೆರಂಬೂರಿನ ಪಶ್ಚಿಮದ ಮಗ್ಗುಲಲ್ಲೇ ಹಾದುಹೋಗುತ್ತದೆ. ನಾಲೆ ಪಕ್ಕದಲ್ಲೇ ಹರಿದರೂ ತೂಬಿಲ್ಲದ ಗದ್ದೆಗಳು ನಮ್ಮ ಕಡೆ ಎಷ್ಟಿಲ್ಲ?

ಅಷ್ಟರಲ್ಲಿ ಪೆರಂಬೂರು ಹಳ್ಳಿಯಾಗಿ ಉಳಿದಿರಲಿಲ್ಲ. 1856ರಲ್ಲಿ ದಕ್ಷಿಣ ಭಾರತದ ಮೊದಲ ರೈಲು ರಾಯಪುರಂನಿಂದ ಹೊರಟಿತು, ಅದೇ ವರ್ಷ ಮದರಾಸು ರೈಲ್ವೆ ಕಂಪನಿಯ ಕಾರ್ಖಾನೆ ಪೆರಂಬೂರಿಗೆ ಬಂತು. 1876ರಲ್ಲಿ ಬಕಿಂಗ್‌ಹ್ಯಾಂ ಮಿಲ್ಲು, 1881ರಲ್ಲಿ ಕರ್ನಾಟಿಕ್ ಮಿಲ್ಲು. 'ಕರ್ನಾಟಿಕ್' ಅಂದ ಕೂಡಲೇ ನಮ್ಮದು ಅಂತ ಹಿಗ್ಗಬೇಡಿ, ಇಂಗ್ಲಿಷರು ಆರ್ಕಾಟು ಸೀಮೆಗೆ ಕರೆಯುತ್ತಿದ್ದ ಹೆಸರು ಅದು. ಸಾವಿರಾರು ಕೂಲಿಗಳು ಬಂದು ಪೆರಂಬೂರು, ಪುಳಿಯಂತೋಪು, ವ್ಯಾಸರ್ಪಾಡಿಯ ತಗ್ಗುಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರ ಏಪ್ರಿಲ್ 27ರಂದು ಈ ಮಿಲ್ಲಿನ ಕಾರ್ಮಿಕರು ಬಿ.ಪಿ. ವಾಡಿಯಾ ಅವರ ನೇತೃತ್ವದಲ್ಲಿ ಮದರಾಸು ಲೇಬರ್ ಯೂನಿಯನ್ ಕಟ್ಟಿದರು. ಭಾರತದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘ ಅದು ಅಂತ ಚರಿತ್ರೆ ಹೇಳುತ್ತದೆ. ಮಿಲ್ಲು 1996ರಲ್ಲಿ ಮುಚ್ಚಿತು. ಗುಡಿಸಲಿದ್ದ ಓಣಿಗಳು ಈಗ ಕಾಂಕ್ರೀಟಾಗಿವೆ, ಅಗಲ ಮಾತ್ರ ಅಷ್ಟೇ ಇದೆ. ನೀರಿನ ಲಾರಿ ಒಳಗೆ ತಿರುಗುವುದಿಲ್ಲ.

ಮದರಾಸಿನ ನಿಜವಾದ ನೀರಿನ ಯೋಜನೆ ಬಂದದ್ದು ಈ ಮಿಲ್ಲುಗಳ ಕಾಲದಲ್ಲೇ. ಜೆ.ಡಬ್ಲ್ಯು. ಮ್ಯಾಡ್ಲಿ ಅನ್ನುವ ಎಂಜಿನಿಯರ್ (ಟಿ. ನಗರದ ಮ್ಯಾಡ್ಲಿ ರಸ್ತೆ ಇವರ ಹೆಸರಿನದೇ) ನೀರಿಗೂ ಒಳಚರಂಡಿಗೂ ನಕ್ಷೆ ಹಾಕಿದರು. ಪುಳಲ್‌ನಿಂದ ಮುಚ್ಚಿದ ಕಾಲುವೆ, ಕೀಳ್ಪಾಕ್‌ನಲ್ಲಿ ಮರಳಿನ ಶೋಧಕಗಳು, ಪಂಪು, ನಗರದುದ್ದಕ್ಕೂ ಕಬ್ಬಿಣದ ಪೈಪು. 1914ರಲ್ಲಿ ಅದು ಶುರುವಾಯಿತು. ಒಳ್ಳೆಯ ಕೆಲಸವೇ, ಕೀಳ್ಪಾಕ್ ನೀರಿನ ಕೇಂದ್ರ ಇಂದಿಗೂ ನಡೆಯುತ್ತಿದೆ. ಆದರೆ ಯೋಜನೆಯ ಹೊಟ್ಟೆಯೊಳಗೆ ಒಂದು ಸಂಖ್ಯೆ ಕೂತಿತ್ತು. 1961ರಲ್ಲಿ ಮದರಾಸಿನ ಜನಸಂಖ್ಯೆ 6.6 ಲಕ್ಷ ಇರುತ್ತದೆ, ತಲೆಗೆ ದಿನಕ್ಕೆ 25 ಗ್ಯಾಲನ್ ಸಾಕು ಅನ್ನುವ ಲೆಕ್ಕ ಅದು. 1911ರಲ್ಲಿ ಊರಲ್ಲಿ ಇದ್ದವರು 5.18 ಲಕ್ಷ. ಐವತ್ತು ವರ್ಷ ಮುಂದಿನದನ್ನು ಯೋಚಿಸಿದ್ದಾರೆ, ತಪ್ಪೆನ್ನುವ ಹಾಗಿಲ್ಲ. ಆದರೆ 1941ಕ್ಕೇ ಜನ 7.77 ಲಕ್ಷ ದಾಟಿದರು. 1961 ಬಂದಾಗ 17 ಲಕ್ಷಕ್ಕೂ ಹೆಚ್ಚಿದ್ದರು.

ಆರೂವರೆ ಲಕ್ಷ ಜನಕ್ಕೆ ಹಾಕಿದ ಪೈಪಿನಲ್ಲಿ ಹದಿನೇಳು ಲಕ್ಷ ಜನ ಕುಡಿದರೆ ಏನಾಗುತ್ತದೆ? ಪೈಪಿನ ತಲೆಯಲ್ಲಿ ಇರುವವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕೊನೆಯವರಿಗೆ ಒತ್ತಡ ಹೋಗುತ್ತದೆ. ಮಹಡಿಗೆ ಏರುತ್ತಿದ್ದ ನೀರು ಅಂಗಳಕ್ಕಿಳಿಯುತ್ತದೆ, ಅಂಗಳದ್ದು ನೆಲಕ್ಕೆ, ಕಡೆಗೆ ನೆಲದ ಕೆಳಗೇ ಉಳಿಯುತ್ತದೆ. ಚೆನ್ನೈನ ಹಳೆಯ ಮನೆಗಳ ಮುಂದೆ ಒಂದು ಕೈಪಂಪು ಕಾಣುತ್ತದೆ. ಬೋರ್‌ವೆಲ್ಲಿನ ಪಂಪು ಅಂತ ನಮ್ಮೂರಿನಿಂದ ಬಂದವರು ತಿಳಿಯುತ್ತಾರೆ. ಅದು ಬೋರ್‌ವೆಲ್ಲಿಗೆ ಸೇರಿದ್ದಲ್ಲ, ನಗರದ ಕುಡಿಯುವ ನೀರಿನ ಪೈಪಿಗೇ ಸೇರಿಸಿರುತ್ತಾರೆ. ನಲ್ಲಿ ತಿರುಗಿಸಿದರೆ ಬಾರದ ನೀರನ್ನು ಒತ್ತಿ ಒತ್ತಿ ಎಳೆಯಬೇಕು. ನಾನು ಬಂದ ಹೊಸದರಲ್ಲಿ ನಮ್ಮ ಬೀದಿಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಸುಪ್ರಭಾತದ ಜಾಗದಲ್ಲಿ ಈ ಪಂಪುಗಳ ಕಿರ್ರ್ ಕಿರ್ರ್ ಕೇಳುತ್ತಿತ್ತು. ಒಬ್ಬರು ಒತ್ತಬೇಕು, ಇನ್ನೊಬ್ಬರು ಕೊಡ ಬದಲಿಸಬೇಕು. ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿರುತ್ತಿದ್ದವು.

ಇದರ ಇನ್ನೊಂದು ಮುಖ ಹೇಳದೆ ಇರಬಾರದು. ಪೈಪಿನಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ತುಂಬಿ ಒತ್ತಡ ಇದ್ದರೆ ತೂತಿನಿಂದ ನೀರು ಹೊರಗೆ ಸೋರುತ್ತದೆ, ಒಳಗೆ ಏನೂ ಬರುವುದಿಲ್ಲ. ದಿನಕ್ಕೆ ಎರಡು ಗಂಟೆ ಮಾತ್ರ ಬಿಟ್ಟು ಮಿಕ್ಕ ಹೊತ್ತು ಪೈಪು ಖಾಲಿ ಇದ್ದರೆ, ಅದರ ಮೇಲೆ ನಾವು ಪಂಪು ಹಾಕಿ ಎಳೆದರೆ, ಅದೇ ತೂತು ಸುತ್ತಲಿನ ಕೊಳೆಯನ್ನು ಒಳಗೆ ಹೀರುತ್ತದೆ. ಪಕ್ಕದಲ್ಲೇ ಅಷ್ಟೇ ಹಳೆಯ ಒಳಚರಂಡಿ ಪೈಪು ಸೋರುತ್ತಿದ್ದರೆ ಮುಗಿಯಿತು. 1992ರಲ್ಲಿ ಇದೇ ಮದರಾಸಿನಲ್ಲಿ ಕಾಲರಾ ರೋಗಾಣುವಿನ ಹೊಸ ತಳಿಯೊಂದು ಮೊದಲು ಕಾಣಿಸಿಕೊಂಡಿತು. ಓ139 ಅಂತ ಅದರ ಹೆಸರು. ಮಾರನೇ ವರ್ಷದ ಹೊತ್ತಿಗೆ ಅದು ಕಲ್ಕತ್ತೆ, ಬಾಂಗ್ಲಾದೇಶ ಮುಟ್ಟಿತ್ತು. ನಮ್ಮ ಮನೆಯಲ್ಲಿ ನೀರು ಕುದಿಸದೆ ಕುಡಿಯುವುದು ಆ ವರ್ಷ ನಿಂತದ್ದು, ಮತ್ತೆ ಶುರುವಾಗಲಿಲ್ಲ.

ನಾಲೆಯ ಕೊನೆ ಭಾಗ ಒಣಗುತ್ತದೆ, ಚರಂಡಿಯ ಕೊನೆ ಭಾಗ ತುಂಬುತ್ತದೆ. ಪೆರಂಬೂರಿನ ಮಳೆ ನೀರು ಓಟೇರಿ ನಾಲೆಗೆ ಇಳಿದು ಬಕಿಂಗ್‌ಹ್ಯಾಂ ಕಾಲುವೆ ಸೇರಬೇಕು. ಚೆನ್ನೈ ಅಂಗೈಯಷ್ಟು ಚಪ್ಪಟೆ, ಸಮುದ್ರ ಉಬ್ಬಿದ್ದರೆ ಕಾಲುವೆ ನೀರು ಹೊರಗೆ ಹೋಗುವುದಿಲ್ಲ. ಆಗ ರೈಲ್ವೆ ಸುರಂಗದ ದಾರಿ ಕೆರೆಯಾಗುತ್ತದೆ, ಒಳಚರಂಡಿಯೂ ಮಳೆನೀರೂ ಒಂದಾಗಿ ಮನೆಯೊಳಗೆ ಬರುತ್ತದೆ. 2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಚಂಡಮಾರುತದಲ್ಲಿ ಪೆರಂಬೂರು, ಪುಳಿಯಂತೋಪು, ವ್ಯಾಸರ್ಪಾಡಿ ದಿನಗಟ್ಟಲೆ ನೀರಿನಲ್ಲಿ ನಿಂತಿದ್ದವು. ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡಿಯುವ ನೀರಿಗೆ ಕ್ಯೂ ನಿಲ್ಲುವುದು ಅಂದರೆ ಏನು ಅಂತ ನೋಡಬೇಕಾದರೆ ಇಲ್ಲಿಗೆ ಬರಬೇಕು.

ಇನ್ನೂ ಉತ್ತರಕ್ಕೆ ಹೋದರೆ ಕೊಡುಂಗೈಯೂರು. ನಗರದ ಕೊಳಚೆ ಶುದ್ಧಿ ಮಾಡುವ ಘಟಕ ಅಲ್ಲಿದೆ, ಉತ್ತರ ಚೆನ್ನೈನ ಕಸ ದಶಕಗಳಿಂದ ಬಿದ್ದು ಗುಡ್ಡವಾದದ್ದೂ ಅಲ್ಲೇ. ನಮ್ಮ ಕೊನೆ ಭಾಗಕ್ಕೂ ಒಂದು ಕೊನೆ ಭಾಗ ಇದೆ. ಆ ಕೊನೆಯಲ್ಲೂ ಕಡೆಯವನೆಂದರೆ ಮ್ಯಾನ್‌ಹೋಲಿಗೆ ಇಳಿಯುವವನು. ಕೈಯಿಂದ ಮಲ ಎತ್ತಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಬಂತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾಯುವುದು ನಿಂತಿದ್ದರೆ ಮೊತ್ತ ಏರಿಸುವ ಅಗತ್ಯ ಬೀಳುತ್ತಿರಲಿಲ್ಲ. ಇದರಲ್ಲಿ ತಮಿಳುನಾಡು, ಕರ್ನಾಟಕ ಅಂತ ಜಗಳವಿಲ್ಲ. ಎರಡು ಕಡೆಯೂ ಸತ್ತಿದ್ದಾರೆ.

ಕರೆಂಟಿನ ಕಥೆ ಹೇಳಲು ನಾನು ಮತ್ತೆ ಮಳವಳ್ಳಿಗೆ ಹೋಗಬೇಕು. ಶಿವನಸಮುದ್ರ ನಮ್ಮ ತಾಲ್ಲೂಕಿನದು. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಎತ್ತರದ ಕಂಬಗಳು ನಮ್ಮ ಹೊಲಗಳ ಮೇಲೇ ಹಾದುಹೋದವು. ಅವುಗಳ ಕೆಳಗಿನ ಹಳ್ಳಿಗಳಲ್ಲಿ ಲಾಟೀನೇ ಉರಿಯುತ್ತಿತ್ತು. ಮದರಾಸಿನಲ್ಲೂ ಇದೇ ಕ್ರಮ. ಭಾರತದ ಮೊದಲ ಎಲೆಕ್ಟ್ರಿಕ್ ಟ್ರಾಂ 1895ರಲ್ಲಿ ಇಲ್ಲಿ ಓಡಿತು. ಪೆರಂಬೂರಿನ ಪಕ್ಕದ ಬೇಸಿನ್ ಬ್ರಿಡ್ಜಿನಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ತು ಮಾಡಿದರು. ಹೊಗೆ ಉತ್ತರಕ್ಕೆ, ಬೆಳಕು ಮೊದಲು ದಕ್ಷಿಣಕ್ಕೆ. ಆಮೇಲೆ ಎಣ್ಣೂರು, ಅತ್ತಿಪಟ್ಟು ಅಂತ ಬಂದ ಶಾಖೋತ್ಪನ್ನ ಸ್ಥಾವರಗಳೂ ಉತ್ತರದಲ್ಲೇ ಕೂತವು.

ಆದರೂ ಇಡೀ ತಮಿಳುನಾಡನ್ನು ನೋಡಿದರೆ ಚೆನ್ನೈಯೇ ತಲೆ ಭಾಗ. 2012ರಲ್ಲಿ ವಿದ್ಯುತ್ತಿನ ಭಾರೀ ಅಭಾವ ಬಂದಾಗ ಚೆನ್ನೈಗೆ ದಿನಕ್ಕೆ ಎರಡು ಗಂಟೆ ಕಡಿತ ಅಂತ ಸಮಯ ಹಾಕಿ ಹೇಳುತ್ತಿದ್ದರು. ಹೊರ ಜಿಲ್ಲೆಗಳವರು ಅದರ ಎಷ್ಟೋ ಪಾಲು ಹೆಚ್ಚು ಕತ್ತಲೆಯಲ್ಲಿ ಕೂತರು. ನಾವು ಆ ಹೊತ್ತಿಗೆ ಕೈಪಂಪಿನ ಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಬಂದಿದ್ದೆವು. ಕೆಳಗೆ ಸಂಪು, ಮೇಲೆ ಟ್ಯಾಂಕು, ನಡುವೆ ಮೋಟರು. ಕರೆಂಟು ಹೋದರೆ ನೀರೂ ಹೋಗುತ್ತದೆ. 2016ರ ಡಿಸೆಂಬರ್ 12ರ ವಾರ್ದಾ ಚಂಡಮಾರುತ ಮರಗಳನ್ನೂ ಕಂಬಗಳನ್ನೂ ಕಿತ್ತೆಸೆದು ಹೋದ ಮೇಲೆ ಮೂರನೇ ಮಹಡಿಯ ನಾವೆಲ್ಲ ಕೊಡ ಹಿಡಿದು ಹಳೆಯ ಬೀದಿಗೆ ಹೋದೆವು. ಕೈಪಂಪಿಗೆ ಕರೆಂಟು ಬೇಡವಲ್ಲ! ಎದುರುಮನೆಯ ಅಕ್ಕ ನಕ್ಕು, "ಏನಮ್ಮಾ, ಲಿಫ್ಟಿನ ಮನೆಯವರು ಬಂದುಬಿಟ್ರಾ?" ಅಂದರು.

ಈ ಅಕ್ಕನ ಬಗ್ಗೆ ಇನ್ನೊಂದು ಮಾತಿದೆ, ಅದು ಕಾವೇರಿಯದು. 1991ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರ್ 11ರಂದು ಅದು ಗೆಜೆಟ್ಟಿನಲ್ಲಿ ಬಂತು. ಮಾರನೇ ದಿನದಿಂದ ಬೆಂಗಳೂರಿನಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು. ಅಕ್ಕನ ಮಗಳನ್ನು ಕೊಟ್ಟಿದ್ದು ಬೆಂಗಳೂರಿಗೆ, ಶ್ರೀರಾಮಪುರಕ್ಕೆ. ಆಗ ಮನೆ ಮನೆಗೆ ಫೋನಿರಲಿಲ್ಲ. ನಾಲ್ಕು ದಿನ ಸುದ್ದಿಯೇ ಇಲ್ಲ. ಬೀದಿಯಲ್ಲಿ ನಾನೊಬ್ಬಳೇ ಕನ್ನಡದವಳು. ಬೆಳಗಿನ ನಾಲ್ಕಕ್ಕೆ ಪಂಪಿನ ಹತ್ತಿರ ಯಾರೂ ನನ್ನ ಜೊತೆ ಮಾತಾಡಲಿಲ್ಲ, ಬೈಯಲೂ ಇಲ್ಲ. ಆದರೆ ಪಂಪು ಒಬ್ಬರಿಂದ ಆಗುವ ಕೆಲಸ ಅಲ್ಲವಲ್ಲ. ಅಕ್ಕ ಒತ್ತಿದರು, ನಾನು ಕೊಡ ಬದಲಿಸಿದೆ. ನಾನು ಒತ್ತಿದೆ, ಅವರು ಬದಲಿಸಿದರು. ಹಾಗೆ ನಾಲ್ಕು ದಿನ. ಐದನೇ ದಿನ ಮೂಲೆಯ ಅಂಗಡಿಗೆ ಫೋನು ಬಂತು. ಮಗಳು ಗಂಡ ಮಕ್ಕಳೊಂದಿಗೆ ಮನೆ ಬಿಟ್ಟು ಸೇಲಂ ಸೇರಿಕೊಂಡಿದ್ದಳು, ಕೈಯಲ್ಲಿ ಎರಡು ಚೀಲ. ಮಾರನೇ ಬೆಳಗ್ಗೆ ಅಕ್ಕ ನನಗೆ ಹೇಳಿದ್ದು ಇಷ್ಟೇ: "ನೀನೇ ಒತ್ತಮ್ಮಾ ಇವತ್ತು. ನನ್ನ ಕೈ ನೋಯುತ್ತೆ."

ನಾವು ಇಬ್ಬರೂ ಆ ದಿನ ಎಳೆದ ನೀರಿನಲ್ಲಿ ಕಾವೇರಿಯ ಒಂದು ಹನಿಯೂ ಇರಲಿಲ್ಲ. ಈ ಮಾತನ್ನು ನಮ್ಮೂರಿನವರಿಗೆ ಒತ್ತಿ ಹೇಳಬೇಕು. 1991ರಲ್ಲಿ ಚೆನ್ನೈ ಕುಡಿಯುತ್ತಿದ್ದದ್ದು ತನ್ನ ಸುತ್ತಲಿನ ಕೆರೆಗಳನ್ನು ಮತ್ತು ನೆಲದಡಿಯ ನೀರನ್ನು. ಆ ಕೆರೆಗಳಲ್ಲಿ ಒಂದಾದ ಪೂಂಡಿಗೂ ಒಂದು ಕಥೆ ಇದೆ. 1939ರಲ್ಲಿ ಮೇಯರ್ ಆದ ಎಸ್. ಸತ್ಯಮೂರ್ತಿ ಬ್ರಿಟಿಷ್ ಸರ್ಕಾರದ ಜೊತೆ ಗುದ್ದಾಡಿ ಅದನ್ನು ಮಂಜೂರು ಮಾಡಿಸಿದರು. 1940ರಲ್ಲಿ ಅಡಿಗಲ್ಲು ಬಿತ್ತು. 1944ರಲ್ಲಿ ಜಲಾಶಯ ಮುಗಿದಾಗ ಅವರು ತೀರಿಕೊಂಡು ಒಂದು ವರ್ಷ ದಾಟಿತ್ತು. ಈಗ ಅದಕ್ಕೆ ಸತ್ಯಮೂರ್ತಿ ಸಾಗರ ಅಂತ ಹೆಸರು. ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಸೇರಿ ಹಿಡಿಯುವುದು ಸುಮಾರು 11 ಟಿಎಂಸಿ. ನಮ್ಮ ಕನ್ನಂಬಾಡಿ ಒಂದೇ 49 ಟಿಎಂಸಿ ಹಿಡಿಯುತ್ತದೆ.

ಕರ್ನಾಟಕದ ನೀರು ಚೆನ್ನೈಗೆ ಮೊದಲು ಬಂದದ್ದು ಇನ್ನೊಂದು ನದಿಯಿಂದ. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ಕೃಷ್ಣಾ ನದಿಯ ತಮ್ಮ ತಮ್ಮ ಪಾಲಿನಲ್ಲಿ ತಲಾ 5 ಟಿಎಂಸಿ ಮದರಾಸಿನ ಕುಡಿಯುವ ನೀರಿಗೆ ಬಿಟ್ಟುಕೊಡಲು ಒಪ್ಪಿದವು. 1983ರಲ್ಲಿ ಆಂಧ್ರ ಮತ್ತು ತಮಿಳುನಾಡಿನ ನಡುವೆ ಕಾಲುವೆಯ ಒಪ್ಪಂದವಾಯಿತು. ದಾರಿಯಲ್ಲಿ ಇಂಗಿ ಆವಿಯಾಗಿ ಹೋಗುವುದು ಕಳೆದು 12 ಟಿಎಂಸಿ ತಲುಪಬೇಕು. ಶ್ರೀಶೈಲದಿಂದ ಸೋಮಶಿಲಾ, ಕಂಡಲೇರು, ಅಲ್ಲಿಂದ 177 ಕಿಲೋಮೀಟರ್ ಕಾಲುವೆಯಲ್ಲಿ ಪೂಂಡಿ. ಮೊದಲ ನೀರು ಬಂದದ್ದು 1996ರಲ್ಲಿ, ಅಂದರೆ ಒಪ್ಪಿದ ಇಪ್ಪತ್ತು ವರ್ಷಕ್ಕೆ. ಬಹುತೇಕ ವರ್ಷಗಳಲ್ಲಿ ಒಪ್ಪಂದದಷ್ಟು ಬರುವುದಿಲ್ಲ. ಯಾಕೆ ಅಂತ ನಾಲೆಯ ಕೊನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಆದರೆ ಈ 5 ಟಿಎಂಸಿಗಾಗಿ ಕರ್ನಾಟಕದಲ್ಲಿ ಒಂದು ಬಸ್ಸಿಗೂ ಕಲ್ಲು ಬೀಳಲಿಲ್ಲ. ಕೊಟ್ಟದ್ದು ನಮಗೆ ನೆನಪೇ ಇಲ್ಲ.

ಕಾವೇರಿ ಬಂದದ್ದು 2004ರಲ್ಲಿ. ಅದಕ್ಕೆ ಮುಂಚಿನ ಒಂದು ವರ್ಷ ಚೆನ್ನೈ ಕಂಡ ಅತಿ ಕೆಟ್ಟ ಬರಗಳಲ್ಲಿ ಒಂದು. ಪೈಪುಗಳು ಬಹುತೇಕ ನಿಂತೇಹೋದವು, ಊರಿಗೆ ಊರೇ ಲಾರಿ ನೀರಿನಲ್ಲಿ ಬದುಕಿತು. 2003ರಲ್ಲಿ ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಅವಸರದಲ್ಲಿ ವೀರಾಣಂ ಯೋಜನೆ ಮುಗಿಯಿತು. ಮೆಟ್ಟೂರಿನಿಂದ ಇಳಿದ ಕಾವೇರಿ ಕೊಳ್ಳಿಡಂ ಮೂಲಕ ವೀರಾಣಂ ಕೆರೆ ಸೇರುತ್ತದೆ. ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪೈಪಿನಲ್ಲಿ ಚೆನ್ನೈಗೆ ದಿನಕ್ಕೆ 18 ಕೋಟಿ ಲೀಟರ್. 2010ರಲ್ಲಿ ಮೀಂಜೂರಿನ ಹತ್ತಿರ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರವೂ ಬಂತು. ಈಗ ನನ್ನ ಲೋಟದಲ್ಲಿ ಕೊಸಸ್ತಲೈ ಎಷ್ಟು, ಕೃಷ್ಣೆ ಎಷ್ಟು, ಕಾವೇರಿ ಎಷ್ಟು, ಕಡಲೆಷ್ಟು ಅಂತ ಬೇರೆ ಮಾಡುವವರು ಯಾರು?

2016ರ ಸೆಪ್ಟೆಂಬರಿನಲ್ಲಿ ಮತ್ತೆ ಬೆಂಕಿ ಹತ್ತಿತು. ನನ್ನ ತಮ್ಮ ಮದ್ದೂರಿನಲ್ಲಿ ಹೆದ್ದಾರಿ ತಡೆಯುತ್ತಿದ್ದವರ ನಡುವೆ ನಿಂತೇ ಫೋನು ಮಾಡಿದ. "ನೀ ಕುಡಿಯೋ ನೀರು ನಮ್ ಗದ್ದೇದು ಕಣಕ್ಕ." ಅವನ ಕಬ್ಬು ಒಣಗಿತ್ತು, ಸಿಟ್ಟು ಸುಳ್ಳಲ್ಲ. ರಾತ್ರಿ ನಾನೇ ಫೋನು ಮಾಡಿ ಲೆಕ್ಕ ಹೇಳಿದೆ. ನಮ್ಮ ಮನೆಯಲ್ಲಿ ಲೆಕ್ಕ ಮಾಡಿಯೇ ಜಗಳ ಆಡುವುದು. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಚೆನ್ನೈ ಇಡೀ ಊರಿಗೆ ದಿನಕ್ಕೆ 100 ಕೋಟಿ ಲೀಟರ್ ಅಂತ ಹಿಡಿದರೆ ಒಂದು ಟಿಎಂಸಿ 28 ದಿನ ಬರುತ್ತದೆ. ವೀರಾಣಂ ಪೈಪು ವರ್ಷಪೂರ್ತಿ ತುಂಬಿ ಹರಿದರೂ ಎರಡೂಕಾಲು ಟಿಎಂಸಿ ಚಿಲ್ಲರೆ. ಮಿಕ್ಕ ನೂರಾರು ಟಿಎಂಸಿಯ ಜಗಳ ಗದ್ದೆಗೂ ಗದ್ದೆಗೂ, ಮಂಡ್ಯದ ಬತ್ತಕ್ಕೂ ತಂಜಾವೂರಿನ ಬತ್ತಕ್ಕೂ. "ಹಂಗಾರೆ ಬೆಂಗಳೂರೋರು?" ಅಂದ. ಅದು ಸರಿಯಾದ ಪ್ರಶ್ನೆ. 1974ರಿಂದ ಬೆಂಗಳೂರಿಗೆ ಕಾವೇರಿ ಏರುತ್ತಿರುವುದು ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ. ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಮೂರು ಹಂತದಲ್ಲಿ ಪಂಪು. ಅದರ ಬಗ್ಗೆ ನಮ್ಮ ಹಳ್ಳಿಯವರು ಹೆದ್ದಾರಿ ತಡೆದದ್ದು ನನಗೆ ನೆನಪಿಲ್ಲ. ನಮ್ಮವರೇ ಕುಡಿಯುತ್ತಾರಲ್ಲ ಅನ್ನುವ ಸಮಾಧಾನ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಆ ತೀರ್ಪಿನಲ್ಲಿ ನನ್ನ ತಮ್ಮನ ತೂಬಿನ ಮಾತು ಇರಲಿಲ್ಲ, ನಮ್ಮ ಹಳೆಯ ಬೀದಿಯ ಪಂಪಿನ ಮಾತೂ ಇರಲಿಲ್ಲ.

ರಾಜ್ಯದ ಗಡಿ ನೀರಿಗೆ ಎಷ್ಟು ಅಡ್ಡ ಬರುತ್ತದೆ ಅಂತ 2019ರಲ್ಲಿ ನೋಡಿದೆವು. ಜೂನಿನಲ್ಲಿ ಚೆನ್ನೈನ ನಾಲ್ಕೂ ಕೆರೆ ಬಿರುಕು ಬಿಟ್ಟವು. ಜುಲೈ 12ರಂದು ಜೋಲಾರಪೇಟೆಯಿಂದ 50 ವ್ಯಾಗನ್‌ಗಳ ಒಂದು ರೈಲು 25 ಲಕ್ಷ ಲೀಟರ್ ನೀರು ಹೊತ್ತು ವಿಲ್ಲಿವಾಕ್ಕಂಗೆ ಬಂತು. ಪೆರಂಬೂರಿನಿಂದ ಲೋಕಲ್ ರೈಲಿನಲ್ಲಿ ಮೂರನೇ ನಿಲ್ದಾಣ ಅದು. ಜೋಲಾರಪೇಟೆ ನಿಮಗೆ ಗೊತ್ತಲ್ಲ, ಬೆಂಗಳೂರು ರೈಲು ತಿರುಗುವ ಜಂಕ್ಷನ್ನು. ಅಲ್ಲಿಗೆ ಆ ನೀರು ಬಂದದ್ದು ಮೆಟ್ಟೂರಿನಿಂದ, ಅಂದರೆ ಕಾವೇರಿಯೇ. ವಿಲ್ಲಿವಾಕ್ಕಂನಿಂದ ಪೈಪಿನಲ್ಲಿ ಕೀಳ್ಪಾಕ್‌ಗೆ, ಅದೇ 1914ರ ಕೇಂದ್ರಕ್ಕೆ. ಈ ರೈಲಿಗೂ ವಿರೋಧ ಇತ್ತು. ವಿರೋಧಿಸಿದವರು ವೇಲೂರು ಜಿಲ್ಲೆಯ ತಮಿಳರು. ನಮಗೇ ಕುಡಿಯಲು ಇಲ್ಲ, ಚೆನ್ನೈಗೆ ಯಾಕೆ ಒಯ್ಯುತ್ತೀರಿ ಅಂದರು. ಆ ಮಾತನ್ನು ಕನ್ನಡಕ್ಕೆ ತಿರುಗಿಸಿದರೆ ನನ್ನ ತಮ್ಮನ ಮಾತೇ ಆಗುತ್ತದೆ. ವಾರಗಟ್ಟಲೆ ಆ ರೈಲುಗಳು ಬಂದವು. ಹಾಗೆ ಬಂದದ್ದರಲ್ಲಿ ನಮ್ಮ ಹಳೆಯ ಬೀದಿಯ ಪಾಲು ಎರಡು ದಿನಕ್ಕೊಮ್ಮೆ ಲಾರಿ, ಮನೆಗೆ ಇಷ್ಟು ಕೊಡ ಅಂತ ಲೆಕ್ಕ.

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಅಲ್ಲಿನ ನಮ್ಮ ನೆಂಟರು ನನಗೆ ಫೋನು ಮಾಡಿ, ಒಂದು ಬಕೆಟ್ಟಿನಲ್ಲಿ ಸ್ನಾನ, ಪಾತ್ರೆ, ಕಕ್ಕಸು ಎಲ್ಲ ಹೇಗೆ ಮುಗಿಸುತ್ತೀರಿ ಅಂತ ಕೇಳಿದರು. ಹೇಳಿಕೊಟ್ಟೆ. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆಯದ್ದು ನೆಲಕ್ಕೆ, ನೆಲ ಒರೆಸಿದ್ದು ಕಕ್ಕಸಿಗೆ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್. ಸಂತೋಷದ ಸುದ್ದಿ. ಹೊಸ ಯೋಜನೆಯ ಸುದ್ದಿ ಓದಿದಾಗಲೆಲ್ಲ ನನಗೆ ಮ್ಯಾಡ್ಲಿ ಸಾಹೇಬರ ಆರೂವರೆ ಲಕ್ಷ ನೆನಪಾಗುತ್ತದೆ. ಇವತ್ತಿನ ಕಾಗದದಲ್ಲಿ ಯಾವ ಸಂಖ್ಯೆ ಕೂತಿದೆಯೋ, ಅದನ್ನು ದಾಟಿದ ದಿನ ಯಾವ ಬಡಾವಣೆ ಮೊದಲು ಒಣಗುತ್ತದೆಯೋ, ಅದು ಈಗಾಗಲೇ ನಕ್ಷೆಯಲ್ಲಿ ಇರುತ್ತದೆ.

ಹೊರನಾಡಿನಲ್ಲಿ ಇರುವವರನ್ನು ನಮ್ಮೂರಿನವರು ಕೇಳುವುದು, "ನೀನು ಯಾರ ಕಡೆ?" ಅಂತ. ನಾನು ಇಷ್ಟು ವರ್ಷ ಕೊಟ್ಟುಕೊಂಡು ಬಂದ ಉತ್ತರ ನನ್ನ ಅಪ್ಪನದು. ಎಷ್ಟು ಟಿಎಂಸಿ ಬಂತು ಅಂತ ದೆಹಲಿಯಲ್ಲಿ ಲೆಕ್ಕ ಮಾಡಲಿ. ಮಳವಳ್ಳಿಯ ಕಡೇ ತೂಬಿಗೆ ಬಂತಾ, ಪೆರಂಬೂರಿನ ಕಡೇ ಪಂಪಿಗೆ ಬಂತಾ ಅಂತ ಕೇಳುವವರು ಬೇರೆ ಬೇಕು. ಅವರು ಯಾವ ಭಾಷೆಯಲ್ಲಿ ಕೇಳಿದರೂ ನಾನು ಅವರ ಕಡೆ.